ದಿಂಬು ಬದಲಾಯಿಸಿ ಉಬ್ಬಸ ಓಡಿಸಿದ ವೈದ್ಯ? ಕಾರ್ಡಾನೊ ಕಥೆಯಲ್ಲಿ ನಿಜವೆಷ್ಟು

ಸುಮಾರು ಐನೂರು ವರ್ಷಗಳ ಹಿಂದೆ ಇಟಲಿಯ ವೈದ್ಯನೊಬ್ಬ ಸ್ಕಾಟ್ಲೆಂಡಿಗೆ ಹೋದ. ಅಲ್ಲಿನ ದೊಡ್ಡ ಧರ್ಮಗುರುವೊಬ್ಬನ ಪುಕ್ಕದ ಹಾಸಿಗೆ, ದಿಂಬುಗಳನ್ನು ಎತ್ತಿ ಹೊರಗೆ ಹಾಕಿಸಿದ. ಅಷ್ಟಕ್ಕೇ ಹತ್ತು ವರ್ಷದ ಉಬ್ಬಸ ಮಾಯವಾಯಿತು. ಈ ಕಥೆ ಇಂಟರ್ನೆಟ್‌ನಲ್ಲಿ ಹಲವು ವೇಷ ತೊಟ್ಟು ಓಡಾಡುತ್ತದೆ. ಕೈಯಿಂದ ಕೈಗೆ ಫಾರ್ವರ್ಡ್ ಆಗುತ್ತಾ ಹೋದಂತೆ ಇಂಥ ಕಥೆಗಳಿಗೆ ಒಂದು ಬಾಲವೂ ಬೆಳೆಯುತ್ತದೆ: ಔಷಧಿ ಬೇಡ, ಇನ್ಹೇಲರ್ ಬೇಡ, ದಿಂಬು ಬದಲಾಯಿಸಿದರೆ ಸಾಕು.

ಕಥೆಯ ತಲೆ ನಿಜ, ಬಾಲ ಸುಳ್ಳು. ಸುಳ್ಳು ಬಾಲ ನಂಬಿ ಯಾರಾದರೂ ಮಗುವಿನ ಇನ್ಹೇಲರ್ ಎತ್ತಿಟ್ಟರೆ ಅದರ ಬೆಲೆ ದೊಡ್ಡದು. ಹಾಗಂತ ಕಥೆಯನ್ನೇ ತಳ್ಳಿಹಾಕಲು ನಮಗೆ ಮನಸ್ಸಿಲ್ಲ. ಮನೆಯೊಳಗೆ ಅಲರ್ಜಿ ಕೆರಳಿಸುವ ವಸ್ತುಗಳನ್ನು ಹುಡುಕಿ ಕಡಿಮೆ ಮಾಡುವುದು ಹೇಗೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಹಳೆಯ ಉದಾಹರಣೆ ನಮಗೆ ಸಿಕ್ಕಿಲ್ಲ. ಆದರೆ ಅದು ಅರ್ಥವಾಗಬೇಕಾದರೆ ದಿಂಬನ್ನಷ್ಟೇ ನೋಡಿದರೆ ಸಾಲದು, ಆ ವೈದ್ಯನನ್ನೂ ನೋಡಬೇಕು.

ಲಾರಿಯ ಅಡಿಯಲ್ಲಿರುವ ಹೆಸರು

ಅವನ ಹೆಸರು ಜೆರೊಲಾಮೊ ಕಾರ್ಡಾನೊ. ಇಂಗ್ಲಿಷ್ ಪುಸ್ತಕಗಳಲ್ಲಿ ಕಾರ್ಡನ್ ಎಂದೂ ಬರುತ್ತದೆ. ಲಾರಿ, ಬಸ್ಸುಗಳ ಅಡಿಯಲ್ಲಿ ಎಂಜಿನ್ನಿನಿಂದ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಉದ್ದನೆಯ ಶಾಫ್ಟ್ ಇರುತ್ತದಲ್ಲ, ಅದರ ತುದಿಯ ಅಡ್ಡಶಿಲುಬೆಯಾಕಾರದ ಜಾಯಿಂಟಿಗೆ ಕಾರ್ಡನ್ ಜಾಯಿಂಟ್ ಎಂದು ಹೆಸರು. ಅದು ಇವನ ಹೆಸರೇ. ಅಂಥ ಜೋಡಣೆಯನ್ನು ತನ್ನ ಪುಸ್ತಕದಲ್ಲಿ ವಿವರಿಸಿದ್ದಕ್ಕೆ ಹೆಸರು ಅಂಟಿಕೊಂಡಿತೇ ಹೊರತು, ಅವನೇ ಕಂಡುಹಿಡಿದನೆಂದಲ್ಲ. ಫಾರ್ವರ್ಡ್‌ಗಳಲ್ಲಿ ಇದೂ ಆಗಾಗ ತಪ್ಪಾಗಿ ಬರುತ್ತದೆ.

ಹುಟ್ಟಿದ್ದು 1501ರ ಸೆಪ್ಟೆಂಬರ್ 24, ಇಟಲಿಯ ಪಾವಿಯಾ ಊರಿನಲ್ಲಿ. ತಂದೆ ಫಾಜಿಯೊ ಮಿಲಾನ್‌ನ ವಕೀಲ. ಜ್ಯಾಮಿತಿಯಲ್ಲಿ ಎಷ್ಟು ಪಳಗಿದ್ದನೆಂದರೆ ಲಿಯೊನಾರ್ಡೊ ಡಾ ವಿಂಚಿಯೇ ಅವನ ಸಲಹೆ ಕೇಳುತ್ತಿದ್ದ. ತಾಯಿ ಕ್ಯಾರಾ. ಜೆರೊಲಾಮೊ ಹುಟ್ಟುವಾಗ ಇಬ್ಬರಿಗೂ ಮದುವೆಯಾಗಿರಲಿಲ್ಲ. ಮಿಲಾನ್‌ನಲ್ಲಿ ಪ್ಲೇಗ್ ಹರಡಿದ್ದ ಕಾಲ. ತಾಯಿ ಹೆರಿಗೆಗೆಂದು ಪಾವಿಯಾಗೆ ಬಂದಿದ್ದಳು. ಮಿಲಾನ್‌ನಲ್ಲಿ ಬಿಟ್ಟು ಬಂದಿದ್ದ ಅವಳ ಮೊದಲಿನ ಮೂರು ಮಕ್ಕಳು ಅದೇ ಪ್ಲೇಗಿಗೆ ತೀರಿಕೊಂಡರು.

ಹುಡುಗ ಪಾವಿಯಾ, ಪಡುವಾ ವಿಶ್ವವಿದ್ಯಾಲಯಗಳಲ್ಲಿ ವೈದ್ಯಶಾಸ್ತ್ರ ಓದಿದ. ಓದು ಮುಗಿಸಿ ಮಿಲಾನ್‌ನ ವೈದ್ಯರ ಸಂಘಕ್ಕೆ ಅರ್ಜಿ ಹಾಕಿದರೆ ಬಾಗಿಲು ಮುಚ್ಚಿತ್ತು. ಕಾರಣ ಅವನ ಹುಟ್ಟು. ಸಂಘದ ಸದಸ್ಯನಾಗದೆ ಮಿಲಾನ್‌ನಲ್ಲಿ ವೈದ್ಯವೃತ್ತಿ ಮಾಡುವಂತಿಲ್ಲ. ಪಡುವಾ ಹತ್ತಿರದ ಸಾಕೊಲೊಂಗೊ ಎಂಬ ಸಣ್ಣ ಊರಿನಲ್ಲಿ ಅಲ್ಪಸ್ವಲ್ಪ ರೋಗಿಗಳನ್ನು ನೋಡಿಕೊಂಡು ಕಾಲ ತಳ್ಳಿದ. 1531ರಲ್ಲಿ ಲೂಸಿಯಾಳನ್ನು ಮದುವೆಯಾದ. ಜೂಜಿನ ಚಟ ಬೇರೆ. ಹೆಂಡತಿಯ ಒಡವೆ, ಮನೆಯ ಸಾಮಾನು ಎಲ್ಲ ಅಡವಿಗೆ ಹೋದವು. ಕೊನೆಗೆ ಸಂಸಾರ ಮಿಲಾನ್‌ನ ಅನಾಥಾಲಯದಂಥ ಬಡವರ ಆಶ್ರಯಕ್ಕೆ ಬಂದು ನಿಂತಿತು. ಇದೇ ಚಟದಿಂದ ಒಂದು ಒಳ್ಳೆಯದೂ ಆಯಿತು. ದಾಳ ಹಾಕಿದಾಗ ಯಾವ ಅಂಕಿ ಬೀಳುವ ಸಾಧ್ಯತೆ ಎಷ್ಟು ಎಂದು ಲೆಕ್ಕ ಹಾಕಿದ ಮೊದಲಿಗರಲ್ಲಿ ಇವನೂ ಒಬ್ಬ. ಆ ಪುಸ್ತಕ ಅಚ್ಚಾಗಿದ್ದು ಅವನು ಸತ್ತು 87 ವರ್ಷವಾದ ಮೇಲೆ.

1536ರಲ್ಲಿ ಆತ ಒಂದು ಧೈರ್ಯದ ಕೆಲಸ ಮಾಡಿದ, ಅಥವಾ ಹುಚ್ಚು ಕೆಲಸ ಅನ್ನಿ. ತನ್ನ ಕಾಲದ ವೈದ್ಯರು ಚಿಕಿತ್ಸೆಯಲ್ಲಿ ಮಾಡುವ ತಪ್ಪುಗಳನ್ನು ಒಂದೊಂದಾಗಿ ಎತ್ತಿ ತೋರಿಸುವ ಪುಸ್ತಕ ಪ್ರಕಟಿಸಿದ. ಸದಸ್ಯತ್ವ ಕೊಡಿ ಎಂದು ಯಾರ ಬಾಗಿಲು ತಟ್ಟುತ್ತಿದ್ದನೋ ಅವರನ್ನೇ ಬೈದಂತಾಯಿತು. ಆದರೂ ಅವನ ಕೈಗುಣ ಊರಲ್ಲಿ ಹೆಸರಾಗುತ್ತಿತ್ತು, ದೊಡ್ಡವರ ಬೆಂಬಲವೂ ಸಿಕ್ಕಿತ್ತು. 1539ರಲ್ಲಿ ಸಂಘ ಅವನನ್ನು ಸೇರಿಸಿಕೊಂಡಿತು. ನಂತರ ಏಣಿ ಏರಿದಂತೆ: 1543ರಲ್ಲಿ ಪಾವಿಯಾದಲ್ಲಿ ವೈದ್ಯಶಾಸ್ತ್ರದ ಪ್ರಾಧ್ಯಾಪಕ, 1545ರಲ್ಲಿ ಘನ ಸಮೀಕರಣ ಬಿಡಿಸುವ ವಿಧಾನವನ್ನು ಲೋಕಕ್ಕೆ ಕೊಟ್ಟ ಗಣಿತದ ಮಹಾಗ್ರಂಥ. ಆ ವಿಧಾನವನ್ನು ಗುಟ್ಟಾಗಿಡುವಂತೆ ಆಣೆ ಹಾಕಿಸಿಕೊಂಡು ಹೇಳಿಕೊಟ್ಟಿದ್ದ ತಾರ್ತಾಲ್ಯ ಎಂಬ ಗಣಿತಜ್ಞ ಜೀವಮಾನವಿಡೀ ಇವನ ಮೇಲೆ ಹಲ್ಲು ಮಸೆದ. ಆ ಜಗಳವೇ ಇನ್ನೊಂದು ಲೇಖನಕ್ಕಾಗುವಷ್ಟಿದೆ, ಇಲ್ಲಿ ಬಿಡೋಣ.

ಎಡಿನ್‌ಬರೊದಿಂದ ಬಂದ ಕರೆ

1551ರಲ್ಲಿ ಸ್ಕಾಟ್ಲೆಂಡಿನಿಂದ ಒಂದು ಪತ್ರ ಬಂತು. ಬರೆದವನು ಕಸನಾಟೆ ಎಂಬ ವೈದ್ಯ. ಅವನ ರೋಗಿ ಸೇಂಟ್ ಆಂಡ್ರೂಸ್‌ನ ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್. ಆಗ ಸ್ಕಾಟ್ಲೆಂಡಿನ ರಾಣಿ ಮೇರಿ ಇನ್ನೂ ಚಿಕ್ಕ ಹುಡುಗಿ, ಬೆಳೆಯುತ್ತಿದ್ದದ್ದು ಫ್ರಾನ್ಸ್‌ನಲ್ಲಿ. ರಾಜ್ಯವನ್ನು ನೋಡಿಕೊಳ್ಳುತ್ತಿದ್ದವನು ಹ್ಯಾಮಿಲ್ಟನ್‌ನ ಮಲಸಹೋದರ. ಅಂದರೆ ಆರ್ಚ್‌ಬಿಷಪ್ ಧರ್ಮಗುರುವಷ್ಟೇ ಅಲ್ಲ, ರಾಜ್ಯಭಾರದ ಹೊರೆಯೂ ಹೆಗಲ ಮೇಲಿದ್ದವನು. ವಯಸ್ಸು ನಲವತ್ತರ ಆಸುಪಾಸು. ಹತ್ತು ವರ್ಷದಿಂದ ಉಬ್ಬಸ. ಬರಬರುತ್ತಾ ದಾಳಿಗಳು ಜೋರಾಗುತ್ತಿದ್ದವು; ಉಸಿರು ಕಟ್ಟಿ ಇನ್ನೇನು ಮುಗಿಯಿತು ಎನ್ನುವ ಸ್ಥಿತಿ.

ಕಾರ್ಡಾನೊ 1552ರ ಫೆಬ್ರುವರಿಯಲ್ಲಿ ಮಿಲಾನ್ ಬಿಟ್ಟ. ಮೊದಲ ಮಾತುಕತೆಯ ಪ್ರಕಾರ ರೋಗಿಯೇ ಫ್ರಾನ್ಸ್‌ಗೆ ಬಂದು ಇವನನ್ನು ಕಾಣಬೇಕಿತ್ತು. ಆಲ್ಪ್ಸ್ ಪರ್ವತ ದಾಟಿ ಲಿಯೋನ್ ತಲುಪಿ ತಿಂಗಳಿಗೂ ಹೆಚ್ಚು ಕಾದ. ರಾಜ್ಯದ ಗಲಾಟೆಯಲ್ಲಿ ಆರ್ಚ್‌ಬಿಷಪ್ ಊರು ಬಿಡುವ ಹಾಗಿರಲಿಲ್ಲ. ಬಂದವನು ಕಸನಾಟೆ, ಕೈಯಲ್ಲಿ ಹಣ, ಬಾಯಲ್ಲಿ ದಯವಿಟ್ಟು ಅಲ್ಲಿಗೇ ಬನ್ನಿ ಎಂಬ ಬೇಡಿಕೆ. ಪ್ಯಾರಿಸ್, ಲಂಡನ್ ಹಾದು ಕಾರ್ಡಾನೊ ಎಡಿನ್‌ಬರೊ ಮುಟ್ಟಿದಾಗ ಜೂನ್ 29. ನಾಲ್ಕು ತಿಂಗಳ ಪ್ರಯಾಣ, ಒಬ್ಬ ರೋಗಿಗಾಗಿ.

ಇಲ್ಲಿಂದ ಮುಂದಿನ ಭಾಗವನ್ನು ಫಾರ್ವರ್ಡ್‌ಗಳು ಹಾರಿಸಿಬಿಡುತ್ತವೆ. ಬಂದ ದಿನವೇ ಅವನು ಹಾಸಿಗೆ ಎತ್ತಿಸಲಿಲ್ಲ. ಮೊದಲ ಕೆಲವು ವಾರ ಕಸನಾಟೆಯ ಚಿಕಿತ್ಸೆಯನ್ನೇ ಮುಂದುವರಿಯಲು ಬಿಟ್ಟು, ತಾನು ಪಕ್ಕದಲ್ಲಿದ್ದು ನೋಡುತ್ತಾ ಹೋದ. ಆರ್ಚ್‌ಬಿಷಪ್ ಯಾವಾಗ ಮಲಗುತ್ತಾನೆ, ಎಷ್ಟು ಹೊತ್ತು ನಿದ್ದೆ ಮಾಡುತ್ತಾನೆ, ಏನು ತಿನ್ನುತ್ತಾನೆ, ಯಾವುದರ ಮೇಲೆ ಮಲಗುತ್ತಾನೆ. ಕಂಡದ್ದು ಇದು: ಊಟ ಜಾಸ್ತಿ, ನಿದ್ದೆ ಕಮ್ಮಿ, ಹೊತ್ತುಗೊತ್ತಿಲ್ಲದ ಕೆಲಸ, ಮೈ ಮುಚ್ಚುವಷ್ಟು ಹಕ್ಕಿ ಪುಕ್ಕ ತುಂಬಿದ ಮೆತ್ತನೆಯ ಹಾಸಿಗೆ.

ಆಮೇಲೆ ತನ್ನ ಪಟ್ಟಿ ಕೊಟ್ಟ. ಪುಕ್ಕದ ಹಾಸಿಗೆ-ದಿಂಬು ಹೋಗಬೇಕು. ಅದರ ಜಾಗಕ್ಕೆ ನೂಲದ ಹಸಿ ರೇಷ್ಮೆ ತುಂಬಿದ್ದು ಬರಬೇಕು, ಮೇಲಿನ ಹೊದಿಕೆ ನಾರುಬಟ್ಟೆಯದ್ದಾಗಿರಬೇಕು. ಊಟಕ್ಕೆ ಮಿತಿ. ನಿದ್ದೆಗೆ ಸಮಯ. ದಿನಕ್ಕೊಂದಿಷ್ಟು ವ್ಯಾಯಾಮ. ತಣ್ಣೀರ ಸ್ನಾನ. ಚಳಿ-ತೇವದ ಗಾಳಿಯಿಂದ ದೂರ. ಇದರ ಜೊತೆಗೆ ನೆತ್ತಿ ಬೋಳಿಸಿ ಹಚ್ಚಲು ಡಾಂಬರು, ಸಾಸಿವೆ ಸೇರಿದ ಒಂದು ಲೇಪವೂ ಇತ್ತು. ಮಿದುಳಿನ ಕೆಟ್ಟ ರಸವನ್ನು ಅದು ಹೊರಗೆಳೆಯುತ್ತದೆಂಬ ನಂಬಿಕೆ. ಹಳೆಯ ವೈದ್ಯ ಹೇಳಿದ್ದೆಲ್ಲ ನಿಜ ಅಂದುಕೊಳ್ಳುವವರು ಈ ಲೇಪವನ್ನೂ ನೆನಪಿಟ್ಟುಕೊಳ್ಳಬೇಕು.

ಸೆಪ್ಟೆಂಬರ್‌ನಲ್ಲಿ ಕಾರ್ಡಾನೊ ಹೊರಡುವ ಹೊತ್ತಿಗೆ ರೋಗಿ ಸುಧಾರಿಸುತ್ತಿದ್ದ. ಸಾವಿರಕ್ಕೂ ಹೆಚ್ಚು ಚಿನ್ನದ ನಾಣ್ಯಗಳ ಸಂಭಾವನೆ ಸಿಕ್ಕಿತು. ಎರಡು ವರ್ಷದ ನಂತರ ಬಹುಮಟ್ಟಿಗೆ ಗುಣವಾಗಿದೆ ಎಂಬ ಸುದ್ದಿ ಆರ್ಚ್‌ಬಿಷಪ್‌ನಿಂದಲೇ ಬಂತು. ಬಹುಮಟ್ಟಿಗೆ ಎಂಬ ಪದ ಗಮನಿಸಿ. ದಾಳಿಗಳು ವಿರಳವಾದವು, ಹಗುರವಾದವು. ಬೇರುಸಹಿತ ಕಿತ್ತುಹೋಗಲಿಲ್ಲ.

ಸರಿಯಾದ ಕೆಲಸ, ತಪ್ಪು ಕಾರಣ

ಹಾಗಾದರೆ ಹಕ್ಕಿ ಪುಕ್ಕದ ಅಲರ್ಜಿಯನ್ನು ಪತ್ತೆ ಹಚ್ಚಿದ ಮೊದಲಿಗ ಕಾರ್ಡಾನೊ ಎನ್ನಬಹುದೇ? ಹಲವರು ಹಾಗೆ ಬರೆಯುತ್ತಾರೆ. ನಾವು ಅಷ್ಟು ದೂರ ಹೋಗುವುದಿಲ್ಲ. ಅಲರ್ಜಿ ಎಂಬ ಪದ ಹುಟ್ಟಿದ್ದೇ 1906ರಲ್ಲಿ, ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಅದನ್ನು ರೂಪಿಸಿದ. ಕಾರ್ಡಾನೊ ತಲೆಯಲ್ಲಿದ್ದದ್ದು ನಮ್ಮ ಅಜ್ಜಿಯರ ಉಷ್ಣ-ಶೀತದಂಥ ಲೆಕ್ಕ. ಆರ್ಚ್‌ಬಿಷಪ್‌ನ ಮಿದುಳು ತಂಪಾಗಿ ತೇವಗೊಂಡಿದೆ ಎಂದು ಉಳಿದ ವೈದ್ಯರು ಹೇಳುತ್ತಿದ್ದರು. ಇಲ್ಲ, ಅದು ಉಷ್ಣವಾಗಿದೆ ಎಂದು ಕಾರ್ಡಾನೊ ವಾದಿಸಿದ. ಪುಕ್ಕದ ಹಾಸಿಗೆ ಮೈಯನ್ನು ಇನ್ನಷ್ಟು ಕಾಯಿಸುತ್ತದೆ, ಅದಕ್ಕೇ ಬೇಡ ಎಂದ. ಅಲರ್ಜಿಯ ಕಲ್ಪನೆಯೇ ಇಲ್ಲದೆ, ಅಲರ್ಜಿಗೆ ಹೇಳುವ ಕೆಲಸವನ್ನೇ ಮಾಡಿದ.

ಹಾಸಿಗೆಯಲ್ಲಿ ನಿಜವಾಗಿ ಏನಿದ್ದಿರಬಹುದು? ಅದು ತಿಳಿಯಲು ಇನ್ನೂ ನಾಲ್ಕು ಶತಮಾನ ಬೇಕಾಯಿತು. ಮನೆಯ ಧೂಳು ಉಬ್ಬಸ ತರಿಸುತ್ತದೆಂದು ಎಲ್ಲರಿಗೂ ಗೊತ್ತಿತ್ತು, ಧೂಳಿನಲ್ಲಿರುವ ಯಾವುದು ಎಂಬುದು ಗೊತ್ತಿರಲಿಲ್ಲ. 1960ರ ದಶಕದಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನ ಸಂಶೋಧಕರು ಅಪರಾಧಿಯನ್ನು ಹಿಡಿದರು: ಧೂಳಿನ ನುಸಿ, ಡಸ್ಟ್ ಮೈಟ್. ಗಾತ್ರ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಅದರ ಊಟ. ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರುತ್ತದೆ. ಅದಕ್ಕೇ ಬೆಚ್ಚಗಿನ, ಬೆವರಿನ, ತೇವದ ಹಾಸಿಗೆ ಅದಕ್ಕೆ ಅರಮನೆ. ಅದು ಕಚ್ಚುವುದಿಲ್ಲ, ತೊಂದರೆ ಕೊಡುವುದು ಅದರ ಹಿಕ್ಕೆಯಲ್ಲಿರುವ ಪ್ರೋಟೀನು. ಹಾಸಿಗೆ ಕೊಡವಿದಾಗ, ಮಗ್ಗುಲು ಬದಲಿಸಿದಾಗ ಅದು ಗಾಳಿಗೇರಿ ಮೂಗಿಗೆ ಬರುತ್ತದೆ. ಸ್ಕಾಟ್ಲೆಂಡಿನ ತಂಪು ತೇವದ ಕೋಣೆಯಲ್ಲಿ ವರ್ಷಗಟ್ಟಲೆ ಬಿಸಿಲು ಕಾಣದ ಪುಕ್ಕದ ರಾಶಿ ಎಂದರೆ ನುಸಿ, ಬೂಷ್ಟು ಎರಡಕ್ಕೂ ಹಬ್ಬ. ಹ್ಯಾಮಿಲ್ಟನ್‌ಗೆ ಕಾಡಿದ್ದು ಪುಕ್ಕವೋ, ನುಸಿಯೋ, ಬೂಷ್ಟೋ ಎಂದು ಈಗ ಯಾರೂ ಪರೀಕ್ಷಿಸಿ ಹೇಳಲಾರರು.

ಒಂದು ತಮಾಷೆ ನೋಡಿ. 1990ರ ದಶಕದಲ್ಲಿ ಬ್ರಿಟನ್ನಿನಲ್ಲಿ ಮಕ್ಕಳ ದಿಂಬುಗಳ ಬಗ್ಗೆ ಅಧ್ಯಯನ ನಡೆದಾಗ ತೀವ್ರ ಉಬ್ಬಸ ಹೆಚ್ಚಾಗಿ ಕಂಡದ್ದು ಸಿಂಥೆಟಿಕ್ ದಿಂಬಿನ ಜೊತೆಗೆ, ಪುಕ್ಕದ ದಿಂಬಿನ ಜೊತೆಗಲ್ಲ. ಇಂದಿನ ಪುಕ್ಕದ ದಿಂಬಿಗೆ ಪುಕ್ಕ ಹೊರಬರದ ಹಾಗೆ ಒತ್ತಾಗಿ ನೇಯ್ದ ಬಟ್ಟೆ ಹಾಕಿರುತ್ತಾರೆ, ಅದರೊಳಗೆ ನುಸಿಗೂ ಸುಲಭವಾಗಿ ನುಗ್ಗಲಾಗದು ಎಂಬುದು ಒಂದು ವಿವರಣೆ. ಪುಕ್ಕ ತೆಗೆದು ಸಿಂಥೆಟಿಕ್ ತನ್ನಿ ಎಂಬ ಹಳೆಯ ಸಲಹೆ ಈಗ ಕಣ್ಣು ಮುಚ್ಚಿ ಒಪ್ಪುವಂಥದ್ದಲ್ಲ. ಇನ್ನು ಕಾರ್ಡಾನೊ ಹೇಳಿದ ರೇಷ್ಮೆ? ಕನ್ನಡದ ಓದುಗರಿಗೆ ಇದು ಹತ್ತಿರದ ವಿಷಯ. ರೇಷ್ಮೆ ನೂಲು ಬಿಚ್ಚುವ ಘಟಕಗಳ ಕಾರ್ಮಿಕರಲ್ಲಿ ಉಬ್ಬಸ ಕಾಣಿಸುವುದನ್ನು ಬೆಂಗಳೂರಿನ ಸಂಶೋಧಕರು 1980ರ ದಶಕದಲ್ಲೇ ವರದಿ ಮಾಡಿದ್ದರು. ಒಬ್ಬರಿಗೆ ಪರಿಹಾರವಾದ ವಸ್ತು ಇನ್ನೊಬ್ಬರಿಗೆ ಕಾಯಿಲೆಯೇ ಆಗಬಹುದು.

ನಿಮ್ಮ ಮನೆಯಲ್ಲಿ ಏನು ಮಾಡಬಹುದು

ಕಾರ್ಡಾನೊ ಒಂದೇ ವಸ್ತು ಬದಲಿಸಲಿಲ್ಲ, ದಿನಚರಿಯನ್ನೇ ಬದಲಿಸಿದ ಎಂದೆವಲ್ಲ. ಇಂದಿನ ಅಧ್ಯಯನಗಳೂ ಆ ಕಡೆಗೇ ಬೊಟ್ಟು ಮಾಡುತ್ತವೆ. 2003ರಲ್ಲಿ ಬ್ರಿಟನ್ನಿನಲ್ಲಿ ಆಸ್ತಮಾ ಇದ್ದ 1,122 ವಯಸ್ಕರ ಮೇಲೆ ನಡೆದ ಪ್ರಯೋಗ ಪ್ರಕಟವಾಯಿತು. ಅರ್ಧ ಜನರಿಗೆ ನುಸಿ ದಾಟದ ವಿಶೇಷ ಹಾಸಿಗೆ ಕವರು, ಉಳಿದವರಿಗೆ ಮಾಮೂಲಿ ಕವರು. ಕೊನೆಗೆ ಎರಡೂ ಗುಂಪಿನ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಮರುವರ್ಷ, 2004ರಲ್ಲಿ, ಅಮೆರಿಕದ ಏಳು ನಗರಗಳ 937 ಮಕ್ಕಳ ಅಧ್ಯಯನ ಬಂತು. ಅಲ್ಲಿ ಪ್ರತಿ ಮಗುವಿಗೂ ಯಾವುದರ ಅಲರ್ಜಿ ಎಂದು ಮೊದಲು ಪರೀಕ್ಷೆ ಮಾಡಿ, ಆ ಮನೆಗೆ ತಕ್ಕಂತೆ ಹಲವು ಕ್ರಮಗಳನ್ನು ಒಟ್ಟಿಗೆ ಕೈಗೊಂಡರು: ಹಾಸಿಗೆ, ಜಿರಳೆ, ಬೂಷ್ಟು, ಬೀಡಿ-ಸಿಗರೇಟು ಹೊಗೆ, ಸಾಕುಪ್ರಾಣಿ. ಈ ಮಕ್ಕಳು ಉಬ್ಬಸದಿಂದ ನರಳಿದ ದಿನಗಳು ಕಡಿಮೆಯಾದವು, ಆ ಲಾಭ ಮುಂದಿನ ವರ್ಷವೂ ಉಳಿಯಿತು. ಒಂದು ಕವರು ಕೊಂಡು ಕೈತೊಳೆದುಕೊಂಡರೆ ಹಣ ವ್ಯರ್ಥ.

ಮೊದಲ ಕೆಲಸ ನೋಡುವುದು. ಕೆಮ್ಮು, ಸೀನು, ಸುಂಯ್‌ಗುಟ್ಟುವ ಉಸಿರು ಯಾವ ಹೊತ್ತಿಗೆ, ಯಾವ ಕೋಣೆಯಲ್ಲಿ, ಏನು ಮಾಡುವಾಗ ಬರುತ್ತದೆ ಎಂದು ಎರಡು ಮೂರು ವಾರ ಮೊಬೈಲಿನಲ್ಲೇ ಗುರುತು ಹಾಕಿಕೊಳ್ಳಿ. ಬೆಳಿಗ್ಗೆ ಎದ್ದ ಕೂಡಲೇ ಸೀನಿನ ಸುರಿಮಳೆಯಾದರೆ ಅನುಮಾನ ಹಾಸಿಗೆಯ ಮೇಲೆ. ಕಸ ಗುಡಿಸುವಾಗ ಬಂದರೆ ಧೂಳು. ಮಳೆಗಾಲದಲ್ಲಿ ಒಂದೇ ಕೋಣೆಯಲ್ಲಿ ಬಂದರೆ ಗೋಡೆಯ ಮೂಲೆ, ಬೀರುವಿನ ಹಿಂಭಾಗ, ಬಚ್ಚಲು ಮನೆಯ ತಾರಸಿ ನೋಡಿ, ಕಪ್ಪು ಬೂಷ್ಟು ಇರಬಹುದು. ಸಂಜೆ ದೀಪ ಹಚ್ಚುವ ಹೊತ್ತಿಗೆ ಬಂದರೆ ಊದುಬತ್ತಿ, ಸೊಳ್ಳೆ ಬತ್ತಿಯ ಹೊಗೆ ಕಾರಣವಿರಬಹುದು. ಹೊಗೆ ಅಲರ್ಜಿಯಲ್ಲ, ಆದರೆ ಕೆರಳಿರುವ ಶ್ವಾಸನಾಳವನ್ನು ಇನ್ನಷ್ಟು ಕೆರಳಿಸುತ್ತದೆ. ಈ ಟಿಪ್ಪಣಿ ಹಿಡಿದು ವೈದ್ಯರ ಬಳಿ ಹೋದರೆ ಚರ್ಮದ ಅಲರ್ಜಿ ಪರೀಕ್ಷೆ ಬೇಕೋ ಬೇಡವೋ ಎಂದು ತೀರ್ಮಾನಿಸಲು ಅವರಿಗೂ ಸುಲಭ.

ನುಸಿಯೇ ಕಾರಣ ಎಂದಾದರೆ ಮಲಗುವ ಕೋಣೆಯಿಂದ ಶುರು ಮಾಡಿ, ದಿನದ ಮೂರನೇ ಒಂದು ಭಾಗ ಕಳೆಯುವುದು ಅಲ್ಲೇ. ಹಾಸಿಗೆ ಬಟ್ಟೆ, ದಿಂಬಿನ ಕವರು ವಾರಕ್ಕೊಮ್ಮೆ 55-60 ಡಿಗ್ರಿ ಬಿಸಿನೀರಿನಲ್ಲಿ ಒಗೆದರೆ ನುಸಿ ಸಾಯುತ್ತದೆ. ತಣ್ಣೀರಲ್ಲಿ ಒಗೆದರೆ ಅದರ ಹಿಕ್ಕೆ ಒಂದಿಷ್ಟು ತೊಳೆದುಹೋಗುತ್ತದೆ, ನುಸಿಯಲ್ಲಿ ಬಹುಪಾಲು ಬದುಕಿಕೊಳ್ಳುತ್ತದೆ. ಹಾಸಿಗೆಯನ್ನು ಬಿಸಿಲಿಗೆ ಹಾಕುವ ನಮ್ಮ ಹಳೆಯ ಅಭ್ಯಾಸ ಒಳ್ಳೆಯದೇ, ಒಣ ಬಿಸಿಗೆ ನುಸಿ ತಾಳುವುದಿಲ್ಲ. ಆದರೆ ಸತ್ತ ನುಸಿಯ ಪ್ರೋಟೀನು ಅಲ್ಲೇ ಉಳಿದಿರುತ್ತದೆ. ಹೊರಗೇ ಚೆನ್ನಾಗಿ ಕೊಡವಿ ತರಬೇಕು, ಕೊಡವುವ ಕೆಲಸ ಅಲರ್ಜಿ ಇರುವವರು ಮಾಡಬಾರದು. ಒಣ ಪೊರಕೆಗಿಂತ ಒದ್ದೆ ಬಟ್ಟೆಯಲ್ಲಿ ಒರೆಸುವುದು ಮೇಲು. ಮಂಚದ ಕೆಳಗೆ ತುರುಕಿದ ಹಳೆ ರಗ್ಗು, ಕಂಬಳಿ, ಬಟ್ಟೆಯ ಗಂಟು, ಮಗುವಿನ ತಲೆದೆಸೆಯ ಮೆತ್ತನೆ ಗೊಂಬೆಗಳ ರಾಶಿ ಕಡಿಮೆಯಾಗಲಿ.

ಬೂಷ್ಟಿಗೆ ಮೇಲಿಂದ ಸುಣ್ಣ ಬಳಿದರೆ ನಾಲ್ಕು ದಿನ ಮರೆಯಾಗುತ್ತದೆ, ನೀರು ಸೋರುವ ಜಾಗ ಮುಚ್ಚದಿದ್ದರೆ ಮತ್ತೆ ಬರುತ್ತದೆ. ಮಲೆನಾಡು, ಕರಾವಳಿಯ ಓದುಗರಿಗೆ ಇದನ್ನು ನಾವು ಹೇಳಿಕೊಡಬೇಕಿಲ್ಲ. ಜಿರಳೆಯ ಹಿಕ್ಕೆಯೂ ನುಸಿಯದ್ದರಂತೆಯೇ ಉಬ್ಬಸ ತರಿಸುತ್ತದೆ. ರಾತ್ರಿ ಎಂಜಲು ಪಾತ್ರೆ ಸಿಂಕಿನಲ್ಲಿ ಬಿಡದಿರುವುದು, ಕಸದ ಬುಟ್ಟಿ ಮುಚ್ಚುವುದು ಸ್ಪ್ರೇ ಹೊಡೆಯುವುದಕ್ಕಿಂತ ಮೊದಲು. ಬೆಕ್ಕಿನ ವಿಷಯಕ್ಕೆ ಬಂದರೆ, ಅಲರ್ಜಿ ಅದರ ಕೂದಲಿಗಿಂತ ಹೆಚ್ಚಾಗಿ ಎಂಜಲು, ಚರ್ಮದ ಹೊಟ್ಟಿನಲ್ಲಿದೆ. ಬೆಕ್ಕು ಮನೆ ಬಿಟ್ಟ ಮೇಲೂ ಅದು ತಿಂಗಳುಗಟ್ಟಲೆ ಉಳಿಯುತ್ತದೆ.

ಇದೆಲ್ಲ ಔಷಧಿಯ ಜೊತೆಗೆ, ಔಷಧಿಯ ಬದಲಿಗಲ್ಲ. ಕಾರ್ಡಾನೊ ಕಾಲದಲ್ಲಿ ಇನ್ಹೇಲರ್ ಇರಲಿಲ್ಲ, ಹಾಸಿಗೆ ಎತ್ತಿಸುವುದಲ್ಲದೆ ಅವನಿಗೆ ಬೇರೆ ಗತಿ ಕಡಿಮೆ ಇತ್ತು. ನಿಮಗೆ ಇದೆ. ದಿನವೂ ಎಳೆಯುವ ಇನ್ಹೇಲರ್ ಶ್ವಾಸನಾಳದ ಊತವನ್ನು ಒಳಗೊಳಗೇ ಇಳಿಸುತ್ತಿರುತ್ತದೆ. ಹುಷಾರಾಗಿದೆ ಅನ್ನಿಸುವುದು ಹಲವು ಬಾರಿ ಅದರಿಂದಲೇ. ಕಡಿಮೆ ಮಾಡುವುದಾದರೆ ವೈದ್ಯರು ಹೇಳಿದಂತೆ ಮಾತ್ರ. ಒಂದು ವಾಕ್ಯ ಪೂರ್ತಿ ಆಡಲು ಉಸಿರು ಸಾಲುತ್ತಿಲ್ಲ, ತುಟಿ ನೀಲಿಗಟ್ಟುತ್ತಿದೆ, ಉಸಿರೆಳೆಯುವಾಗ ಪಕ್ಕೆಲುಬಿನ ನಡುವಿನ ಚರ್ಮ ಒಳಕ್ಕೆ ಸೆಳೆದುಕೊಳ್ಳುತ್ತಿದೆ ಎಂದರೆ ದಿಂಬು, ಧೂಳಿನ ಯೋಚನೆ ಬಿಟ್ಟು ನೇರ ಆಸ್ಪತ್ರೆಗೆ ಹೋಗಿ.

ಹಿಂತಿರುಗುವ ದಾರಿಯ ಜಾತಕ

ಕಾರ್ಡಾನೊ ಕಥೆ ಎಡಿನ್‌ಬರೊದಲ್ಲಿ ಮುಗಿದಿದ್ದರೆ ಅವನನ್ನು ಪವಾಡಪುರುಷ ಮಾಡಿಬಿಡಬಹುದಿತ್ತು. ಊರಿಗೆ ಮರಳುವಾಗ ಲಂಡನ್ನಿನಲ್ಲಿ ಇಂಗ್ಲೆಂಡಿನ ದೊರೆ ಆರನೇ ಎಡ್ವರ್ಡನನ್ನು ಕಂಡ. ದೊರೆಗೆ ಆಗಷ್ಟೇ 15 ವರ್ಷ. ಕಾರ್ಡಾನೊ ವೈದ್ಯನಷ್ಟೇ ಅಲ್ಲ, ಆ ಕಾಲದ ಹೆಸರಾಂತ ಜ್ಯೋತಿಷಿಯೂ ಹೌದು. ಹುಡುಗನ ಜಾತಕ ಬರೆದು, 55 ದಾಟುವವರೆಗೆ ಆಯುಸ್ಸಿದೆ ಎಂದ. ಎಡ್ವರ್ಡ್ 1553ರ ಜುಲೈ 6ರಂದು ಶ್ವಾಸಕೋಶದ ಕಾಯಿಲೆಯಿಂದ ಸತ್ತ. ವರ್ಷವೂ ತುಂಬಿರಲಿಲ್ಲ. ವಾರಗಟ್ಟಲೆ ರೋಗಿಯ ಪಕ್ಕ ಕೂತು ನೋಡಿದಾಗ ಫಲ ಕೊಟ್ಟ ಅದೇ ಬುದ್ಧಿ, ಗ್ರಹಗಳ ಮನೆ ಎಣಿಸಿದಾಗ ಪೂರ್ತಿ ಎಡವಿತು. ಆತ ಇದನ್ನು ಮುಚ್ಚಿಡಲಿಲ್ಲ. ಮುಂದೆ ಆ ಜಾತಕವನ್ನೇ ಪ್ರಕಟಿಸಿ, ತಾನೆಲ್ಲಿ ತಪ್ಪಿದೆ ಎಂದು ವಿವರಿಸಲು ಹೊರಟ. ಜ್ಯೋತಿಷ್ಯವೇ ತಪ್ಪಿರಬಹುದು ಎಂದು ಮಾತ್ರ ಅವನಿಗೆ ಹೊಳೆಯಲಿಲ್ಲ.

ಯೂರೋಪಿನ ಆಸ್ಥಾನಗಳು ಕರೆಯುವಷ್ಟು ಹೆಸರು ಮಾಡಿದ ಮೇಲೆ ಮನೆಯೊಳಗಿನ ದುರಂತ ಕಾದಿತ್ತು. ಹಿರಿಯ ಮಗ ಜಾಂಬಟಿಸ್ಟಾ, ಅವನೂ ವೈದ್ಯ. ತನ್ನ ಹೆಂಡತಿಗೆ ವಿಷ ಹಾಕಿ ಕೊಂದ ಆರೋಪ ಸಾಬೀತಾಯಿತು. ತಂದೆ ತಾನೇ ಮುಂದೆ ನಿಂತು ವಾದಿಸಿ, ಹಣ ಸುರಿದು, ದೊಡ್ಡವರ ಕಾಲು ಹಿಡಿದರೂ ಪ್ರಯೋಜನವಾಗಲಿಲ್ಲ. 1560ರಲ್ಲಿ ಮಗನ ತಲೆ ಕಡಿದರು. ಆ ದುಃಖ ಕಾರ್ಡಾನೊನನ್ನು ಬಿಟ್ಟು ಹೋಗಲೇ ಇಲ್ಲ. ಪಾವಿಯಾದಲ್ಲಿ ಇರಲಾಗದೆ 1562ರಲ್ಲಿ ಬೊಲೊನ್ಯಾ ವಿಶ್ವವಿದ್ಯಾಲಯಕ್ಕೆ ಹೋದ. 1570ರಲ್ಲಿ ಚರ್ಚಿನ ವಿಚಾರಣಾ ಮಂಡಳಿ ಬಂಧಿಸಿತು. ಆರೋಪ ಧರ್ಮದ್ರೋಹ, ಯೇಸುವಿನ ಜಾತಕ ಬರೆದು ಪ್ರಕಟಿಸಿದ್ದೂ ಅವನಿಗೆ ಮುಳುವಾಯಿತೆಂದು ಹೇಳುತ್ತಾರೆ. ಕೆಲವು ತಿಂಗಳ ಸೆರೆ, ತಪ್ಪೊಪ್ಪಿಗೆ, ಪಾಠ ಹೇಳುವುದಕ್ಕೂ ಪುಸ್ತಕ ಪ್ರಕಟಿಸುವುದಕ್ಕೂ ನಿಷೇಧ.

ಆ ಹೊತ್ತಿಗೆ ಸ್ಕಾಟ್ಲೆಂಡಿನಲ್ಲಿ ಅವನ ರೋಗಿಯ ಕಥೆಯೂ ಮುಗಿಯುತ್ತಾ ಬಂದಿತ್ತು. ಉಬ್ಬಸ ಹಗುರಾದ ಮೇಲೆ ಹ್ಯಾಮಿಲ್ಟನ್ ಸುಮಾರು 19 ವರ್ಷ ಬದುಕಿದ. ಕೊನೆಗೆ ಅವನ ಉಸಿರು ನಿಲ್ಲಿಸಿದ್ದು ಕಾಯಿಲೆಯಲ್ಲ, ರಾಜಕೀಯ. ಕೊಲೆ ಸಂಚಿನಲ್ಲಿ ಪಾಲುದಾರ ಎಂಬ ಆರೋಪದ ಮೇಲೆ 1571ರಲ್ಲಿ ಸ್ಟರ್ಲಿಂಗ್‌ನಲ್ಲಿ ಗಲ್ಲಿಗೇರಿಸಿದರು.

ಅದೇ 1571ರಲ್ಲಿ ಕಾರ್ಡಾನೊ ರೋಮ್ ಸೇರಿದ. ಪೋಪ್ ಕಡೆಯಿಂದ ಪಿಂಚಣಿ ಸಿಕ್ಕಿತು. ಅಲ್ಲಿ ಕೂತು ಆತ್ಮಚರಿತ್ರೆ ಬರೆದ; ತನ್ನ ಊಟ, ನಿದ್ದೆ, ಕಾಯಿಲೆ, ಚಟ, ಸೋಲು ಯಾವುದನ್ನೂ ಬಿಡದೆ. ರೋಗಿಗಳನ್ನು ನೋಡುತ್ತಿದ್ದ ಕಣ್ಣಲ್ಲೇ ತನ್ನನ್ನೂ ನೋಡಿಕೊಂಡಂತಿದೆ. 1576ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಸಾಯುವ ದಿನವನ್ನು ತಾನೇ ಮೊದಲೇ ಲೆಕ್ಕ ಹಾಕಿದ್ದ, ಅದು ಸುಳ್ಳಾಗದಿರಲೆಂದು ಊಟ ಬಿಟ್ಟು ಸತ್ತ ಎಂಬ ಇನ್ನೊಂದು ಕಥೆಯೂ ನಿಮಗೆ ಬರಬಹುದು. ಅದು ಅವನು ಸತ್ತ ಮೇಲೆ ಹಬ್ಬಿದ ಗಾಳಿಮಾತು, ಪುರಾವೆ ಇಲ್ಲ.

ಹ್ಯಾಮಿಲ್ಟನ್‌ಗೆ ಬರೆದುಕೊಟ್ಟ ಸಲಹೆ ಮಾತ್ರ ಉಳಿದಿದೆ. 1663ರಲ್ಲಿ ಕಾರ್ಡಾನೊ ಬರಹಗಳು 10 ದಪ್ಪ ಸಂಪುಟಗಳಾಗಿ ಅಚ್ಚಾದಾಗ ಅದೂ ಸೇರಿತು. ಅಚ್ಚಾದ ಊರು ಲಿಯೋನ್, ಆರ್ಚ್‌ಬಿಷಪ್ ಬರುತ್ತಾನೆಂದು ಆತ ತಿಂಗಳಿಗೂ ಹೆಚ್ಚು ಕಾದು ಕೂತಿದ್ದ ಅದೇ ಊರು.